ಪುಣ್ಯಕೋಟಿ ಕಥೆಯಲ್ಲಿ ನಾಯಕ ಯಾರು? ಕಥೆಯ ಪರಿಭಾಷೆ ತಿಳಿಯಬೇಕಿದೆ, ಸಹಾಯ ಮಾಡಿ

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಏಳೆಂಟು ಜನ ಸೇರಿ ಭಾನುವಾರ ಸಂಜೆ ಕಥೆ ಓದುತ್ತೇವೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಆಮೇಲೆ ಎಲ್ಲರೂ ಮಾತಾಡುತ್ತಾರೆ. ಕಥೆ ಕೇಳುವಾಗ ನನಗೆ ಏನೂ ತೊಂದರೆ ಇಲ್ಲ. ನಗು ಬರುತ್ತದೆ, ಕಣ್ಣೀರೂ ಬರುತ್ತದೆ. ಮಾತು ಶುರುವಾದ ಮೇಲೆ ಕಷ್ಟ. ಒಬ್ಬರು ‘ಆಶಯ ಗಟ್ಟಿ, ನಿರೂಪಣೆ ಸಡಿಲ’ ಅನ್ನುತ್ತಾರೆ. ಇನ್ನೊಬ್ಬರು ‘ವಸ್ತು ಹಳೆಯದು, ತಂತ್ರ ಹೊಸದು’ ಅನ್ನುತ್ತಾರೆ. ಹೋದ ವಾರ ಕಥೆಯಲ್ಲಿ ಬಂದ ಬಾವಿ ಪ್ರತಿಮೆಯೋ ಪ್ರತೀಕವೋ ಅಂತ ಅರ್ಧ ಗಂಟೆ ಚರ್ಚೆ ನಡೆಯಿತು. ನಾನು ಸುಮ್ನೆ ಕೂತಿದ್ದೆ.

ನಾನು ಓದಿದ್ದು ಕಾಮರ್ಸ್. ಈ ಪದಗಳನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ನಿಘಂಟು ನೋಡಿದರೆ ಒಂದು ಕಷ್ಟದ ಪದಕ್ಕೆ ಇನ್ನೊಂದು ಕಷ್ಟದ ಪದ ಸಿಗುತ್ತದೆ. ನಮಗೆಲ್ಲ ಗೊತ್ತಿರುವ ಯಾವುದಾದರೂ ಒಂದು ಕಥೆ ಹಿಡಿದು ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಳೇಮೇಷ್ಟ್ರು

ಅಮ್ಮಾ, ಪುಣ್ಯಕೋಟಿ ಕಥೆ ಸಾಕು. 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ. ಯಾವ ಪದ ಹೇಳಿಕೊಡಬೇಕಾದರೂ ಕೊನೆಗೆ ಆ ಹಸುವಿನ ಹತ್ತಿರವೇ ಬರುತ್ತಿದ್ದೆ.

ಮೊದಲು ದೇಶಕಾಲ. ಕಥೆ ಎಲ್ಲಿ ನಡೆಯುತ್ತದೆ, ಯಾವಾಗ ನಡೆಯುತ್ತದೆ ಅನ್ನುವುದು. ಹಾಡು ಶುರುವಾಗುವ ಬಗೆ ನೆನಪಿಸಿಕೊಳ್ಳಿ. ಭೂಮಂಡಲ, ಅದರ ನಡುವೆ ಕರ್ಣಾಟ ದೇಶ, ಅಲ್ಲೊಬ್ಬ ಗೊಲ್ಲ. ಇಡೀ ಭೂಮಿಯಿಂದ ಹೊರಟು ಒಂದು ದೊಡ್ಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಇನ್ನೊಂದು ಕಡೆ ಬೆಟ್ಟದ ಬುಡ, ಅಲ್ಲಿ ಹುಲಿ. ಇವೆರಡರ ನಡುವಿನ ದಾರಿಯಲ್ಲಿ ಹಸು ಹೋಗುತ್ತದೆ, ಬರುತ್ತದೆ. ಆ ದಾರಿಯನ್ನು ತೆಗೆದುಬಿಟ್ಟರೆ ಕಥೆಯೇ ಇಲ್ಲ. ‘ಹೋಗಿ ಬರುತ್ತೇನೆ’ ಅನ್ನುವ ಮಾತಿಗೆ ಬೆಲೆ ಬರಬೇಕಾದರೆ ನಡುವೆ ದೂರ ಇರಬೇಕು, ಅಲ್ವಾ? ಹಾಗಾಗಿ ದೇಶಕಾಲ ಅಂದರೆ ಬರೀ ಊರಿನ ಹೆಸರು ಅಂದುಕೊಳ್ಳಬೇಡಿ.

ಇನ್ನು ಕಥೆ ಮತ್ತು ಕಥಾಹಂದರ. ಇವೆರಡನ್ನೂ ಒಂದೇ ಅಂದುಕೊಂಡವರು ತುಂಬ ಜನ. ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲಿ ಕೊಟ್ಟ ಉಪನ್ಯಾಸದಲ್ಲಿ ಇದನ್ನು ಎರಡೇ ಸಾಲಿನಲ್ಲಿ ತೋರಿಸಿದರು. ರಾಜ ಸತ್ತ, ಆಮೇಲೆ ರಾಣಿ ಸತ್ತಳು: ಇದು ಕಥೆ. ರಾಜ ಸತ್ತ, ಆ ದುಃಖಕ್ಕೆ ರಾಣಿ ಸತ್ತಳು: ಇದು ಹಂದರ. ಚಪ್ಪರಕ್ಕೆ ಹಂದರ ಅನ್ನುತ್ತೇವಲ್ಲ, ಅದೇ ಪದ. ಕೋಲುಗಳು ಒಂದನ್ನೊಂದು ಹಿಡಿದುಕೊಂಡಿರಬೇಕು, ಆಗಲೇ ಬಳ್ಳಿ ಹಬ್ಬುತ್ತದೆ. ಹಸು ಸಿಕ್ಕಿಬಿತ್ತು, ಮನೆಗೆ ಹೋಯಿತು, ವಾಪಸ್ ಬಂತು, ಹುಲಿ ಸತ್ತಿತು. ಇಷ್ಟು ಕಥೆ. ಮಾತು ಕೊಟ್ಟಿದ್ದಕ್ಕೆ ವಾಪಸ್ ಬಂತು, ವಾಪಸ್ ಬಂದಿದ್ದಕ್ಕೇ ಹುಲಿ ಸತ್ತಿತು. ಇದು ಹಂದರ.

ಸಂಘರ್ಷ ಅಂದರೆ ಜಗಳವೇ ಆಗಬೇಕಿಲ್ಲ. ಎರಡು ಬೇಕುಗಳು ಎದುರುಬದುರು ನಿಂತರೆ ಸಂಘರ್ಷ. ಹಸುವಿಗೆ ಬದುಕಬೇಕು, ಹುಲಿಗೆ ತಿನ್ನಬೇಕು. ಇದು ಹೊರಗೆ ಕಾಣುವ ಸಂಘರ್ಷ. ಆದರೆ ನನ್ನ ಮಕ್ಕಳು ಅಳುತ್ತಿದ್ದದ್ದು ಹುಲಿ ಬಂದಾಗ ಅಲ್ಲ. ಕರು ‘ಇನ್ನು ಯಾರ ಹಾಲು ಕುಡಿಯಲಿ, ಯಾರ ಪಕ್ಕ ಮಲಗಲಿ’ ಅಂತ ಕೇಳಿದಾಗ. ಅಲ್ಲಿ ಹುಲಿ ಇಲ್ಲವೇ ಇಲ್ಲ. ಕೊಟ್ಟ ಮಾತು ಒಂದು ಕಡೆ, ಕರು ಇನ್ನೊಂದು ಕಡೆ, ಎರಡೂ ಹಸುವಿನ ಒಳಗೇ ಇವೆ. ಒಳಗಿನ ಸಂಘರ್ಷ ಅಂದರೆ ಅದು. ಒಂದು ಸಲ ಇದನ್ನು ಹಿಡಿದರೆ ಯಾವ ಕಥೆಯಲ್ಲೂ ಹುಡುಕಬಹುದು.

ಪಾತ್ರದ ಬಗ್ಗೆ ಒಂದು ಪ್ರಶ್ನೆ ಮಾತ್ರ ಕೇಳಿ ನಿಲ್ಲಿಸುತ್ತೇನೆ. ಮೊದಲಿನಿಂದ ಕೊನೆಯವರೆಗೆ ಪುಣ್ಯಕೋಟಿ ಬದಲಾಗುತ್ತದಾ? ಮೊದಲೂ ಸತ್ಯವಂತೆ, ಕೊನೆಗೂ ಸತ್ಯವಂತೆ. ಹಾಗಾದರೆ ಬದಲಾದವರು ಯಾರು?

ಕಾಡುಹಾದಿ

ಅಯ್ಯೋ, ಹುಲಿ! ಬದಲಾಗಿದ್ದು ಹುಲಿ ಒಂದೇ. ಇಷ್ಟು ವರ್ಷ ಹಾಡಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ. ಹಾಗಾದರೆ ನಾಯಕ ಹುಲಿನಾ ಮೇಷ್ಟ್ರೇ?

ಓಲೆಗರಿ

ನಾಯಕ ಅನ್ನುವ ಪದದ ಬಗ್ಗೆ ನಾನು ಹೇಳಲೇಬೇಕು. ಹಳಗನ್ನಡ ಓದುವವರಿಗೆ ಇದು ಇವತ್ತಿಗೂ ಬಿಸಿ ಚರ್ಚೆ.

ಹಳೆಯ ಅರ್ಥದಲ್ಲಿ ನಾಯಕ ಅಂದರೆ ಗೆಲ್ಲುವವನು, ಫಲ ಪಡೆಯುವವನು, ಗುಣವಂತ. ಪಂಪ 941ರ ಹೊತ್ತಿಗೆ ಮಹಾಭಾರತದ ಕಥೆ ಬರೆದಾಗ ಅರ್ಜುನನೇ ನಾಯಕ. ತನ್ನ ರಾಜ ಅರಿಕೇಸರಿಯನ್ನೇ ಆ ಅರ್ಜುನನಲ್ಲಿ ಕಂಡ. ಆದರೆ ಅದೇ ಪಂಪ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಒಂದೇ ಚಿತ್ತದಿಂದ ಕರ್ಣನನ್ನು ನೆನೆ ಅಂತಲೂ ಹೇಳಿಬಿಟ್ಟ. ರನ್ನನ ಗದಾಯುದ್ಧದಲ್ಲೂ ಹಾಗೇ. ನಾಯಕ ಭೀಮ. ರಾಜ ಸತ್ಯಾಶ್ರಯನಿಗೆ ಅವನನ್ನು ಹೋಲಿಸಿದ್ದಾನೆ. ಆದರೆ ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ಒಬ್ಬನೇ ನಡೆದುಹೋಗುವ ದುರ್ಯೋಧನನನ್ನು ಓದಿದವರು ಮರೆಯುವುದಿಲ್ಲ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ನಿಂತು ಅಳುತ್ತಾನೆ. ಹಗೆಯ ಮಗ ಅಭಿಮನ್ಯುವಿನ ಹೆಣ ಕಂಡಾಗಲೂ ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ.

ಹಾಗಾಗಿ ಈಗಿನ ಕಥೆಗಳಿಗೆ ನಾಯಕ ಅನ್ನುವುದಕ್ಕಿಂತ ‘ಕೇಂದ್ರ ಪಾತ್ರ’ ಅನ್ನುವುದು ವಾಸಿ. ಒಳ್ಳೆಯವನಾ ಕೆಟ್ಟವನಾ ಅನ್ನುವ ಪ್ರಶ್ನೆ ಅಲ್ಲಿ ಇರುವುದಿಲ್ಲ. ಕಥೆ ಯಾರ ಸುತ್ತ ಸುತ್ತುತ್ತದೆ ಅನ್ನುವುದಷ್ಟೇ ಮುಖ್ಯ. ಕೇಂದ್ರ ಪಾತ್ರವೇ ಇಲ್ಲದ ಕಥೆಯೂ ಇರಬಹುದು. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಾಗಿದೆ. ಅಲ್ಲಿ ಗುತ್ತಿ ಅನ್ನುವ ಆಳಿನ ನಾಯಿ ‘ಹುಲಿಯ’ನಿಗೂ ಯಜಮಾನರಷ್ಟೇ ಜಾಗ ಇದೆ. ತುಂಗೆಯ ಹೊಳೆಯಲ್ಲಿ ಆ ನಾಯಿ ಹೋದಾಗ ನನಗೆ ಆದ ಸಂಕಟ, ಎಷ್ಟೋ ಕಾದಂಬರಿಗಳ ನಾಯಕ ಸತ್ತಾಗಲೂ ಆಗಿಲ್ಲ.

ಇನ್ನೊಂದು ವಿಷಯ. ಫ್ಲ್ಯಾಷ್‌ಬ್ಯಾಕ್ ಅಂದರೆ ಹೊರಗಿನಿಂದ ಬಂದದ್ದು ಅಂದುಕೊಂಡಿದ್ದೇವೆ. ರನ್ನ ಸಾವಿರ ವರ್ಷದ ಹಿಂದೆಯೇ ಅದನ್ನು ಮಾಡಿದ್ದಾನೆ, ಹೆಸರೂ ಹೇಳಿದ್ದಾನೆ: ಸಿಂಹಾವಲೋಕನ ಕ್ರಮ. ಸಿಂಹ ನಡೆಯುತ್ತಾ ನಡೆಯುತ್ತಾ ಕತ್ತು ತಿರುಗಿಸಿ ಬಂದ ದಾರಿ ನೋಡುತ್ತದಲ್ಲ, ಹಾಗೆ. ಕಥೆ ನಡೆಯುವುದು ಯುದ್ಧದ ಕೊನೆಯ ದಿನ. ಇಡೀ ಮಹಾಭಾರತ ಮಾತ್ರ ಪಾತ್ರಗಳ ನೆನಪಿನಲ್ಲಿ, ಬೈಗುಳದಲ್ಲಿ, ಅಳುವಿನಲ್ಲಿ ಬಂದು ಹೋಗುತ್ತದೆ. ಇಷ್ಟು ಚೆಂದದ ಪದ ಮನೆಯಲ್ಲೇ ಇರುವಾಗ ನಾವು ಯಾಕೆ ಬಳಸುವುದಿಲ್ಲವೋ!

ಮಳೆಬಿಲ್ಲು

ನನ್ನದೊಂದು ಭಿನ್ನಾಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ. ಕಥೆಯನ್ನು ಹೀಗೆ ಬಿಡಿಬಿಡಿ ಮಾಡಿ ಹೆಸರು ಹಚ್ಚಬೇಕಾ? ಶಾಲೆಯಲ್ಲಿ ‘ಈ ಪಾತ್ರದ ಗುಣಸ್ವಭಾವ ತಿಳಿಸಿ, 4 ಅಂಕ’ ಅಂತ ಬರೆದು ಬರೆದು ನನಗೆ ಒಳ್ಳೊಳ್ಳೆ ಕಥೆಗಳ ಮೇಲೆಯೇ ಪ್ರೀತಿ ಹೋಗಿತ್ತು. ಮತ್ತೆ ಓದು ಹಿಡಿಯಲು ಹತ್ತು ವರ್ಷ ಬೇಕಾಯಿತು. ಸಂಜೆಮಲ್ಲಿಗೆ ಅವರೇ, ನಿಮಗೆ ಕಣ್ಣೀರು ಬಂತಲ್ಲ, ಅದು ಸಾಲದೇ?

ಅರ್ಧಪುಟ

ಮಳೆಬಿಲ್ಲು ಅವರ ನೋವು ನನಗೂ ಗೊತ್ತು. ಆದರೂ ಒಂದು ಮಾತು. ನಾನು ಕಥೆ ಬರೆಯಲು ಕಲಿಯುತ್ತಿದ್ದೇನೆ. ಬರೆಯುವವರಿಗೆ ಈ ಪದಗಳು ಬಡಗಿಯ ಪೆಟ್ಟಿಗೆ ಇದ್ದಹಾಗೆ. ಅದರಲ್ಲೂ ಒಂದು ಪದ ಗೊತ್ತಾದ ಮೇಲೆ ನಾನು ಓದುವ ರೀತಿಯೇ ಬದಲಾಯಿತು. ಅದು ನಿರೂಪಕ. ಕಥೆ ಹೇಳುತ್ತಿರುವುದು ಯಾರು? ಬರೆದವರು ಬೇರೆ, ಹೇಳುವವರು ಬೇರೆ.

ಒಂದು ಸಣ್ಣ ಪ್ರಸಂಗ ಬರೆದು ತೋರಿಸುತ್ತೇನೆ. ಅಜ್ಜಿಯೊಬ್ಬಳು ಬಸ್ಸಿನಲ್ಲಿ ಕೊಡೆ ಮರೆತಳು. ಇಷ್ಟೇ ವಿಷಯ.

ಮೊದಲನೆಯದು, ‘ನಾನು’ ಅಂತ ಹೇಳುವ ಬಗೆ:

ಬಸ್ಸು ಹೋದ ಮೇಲೆ ಕೊಡೆ ನೆನಪಾಯಿತು. ಮಗ ಕೊಡಿಸಿದ್ದು. ಅವನಿಗೆ ಏನು ಹೇಳಲಿ? ಕಳೆದುಕೊಂಡೆ ಅನ್ನುವುದಕ್ಕಿಂತ, ಪಾಪ ಯಾರೋ ಮಳೆಯಲ್ಲಿ ನೆನೆಯುತ್ತಿದ್ದರು, ಕೊಟ್ಟೆ ಅನ್ನುವುದೇ ವಾಸಿ.

ಎರಡನೆಯದು, ಹೊರಗಿನವರು ಹೇಳುತ್ತಾರೆ, ಆದರೆ ಅಜ್ಜಿಯ ಹೆಗಲ ಹಿಂದೆಯೇ ನಿಂತು:

ಬಸ್ಸು ತಿರುವು ದಾಟಿತು. ಅಜ್ಜಿ ತನ್ನ ಬರಿಗೈ ನೋಡಿಕೊಂಡಳು. ಮೊದಲ ಹನಿ ಮೊಣಕೈ ಮೇಲೆ ಬಿತ್ತು. ಸಂಜೆ ಮಗ ಕೇಳಿದರೆ?

ಮೂರನೆಯದು, ಎಲ್ಲವನ್ನೂ ಬಲ್ಲವರು ಹೇಳುವುದು. ಇದಕ್ಕೆ ಸರ್ವಜ್ಞ ನಿರೂಪಣೆ ಅನ್ನುತ್ತಾರೆ:

ಮಗನಿಗೆ ಏನು ಹೇಳುವುದು ಅಂತ ಯೋಚಿಸುತ್ತಾ ಅಜ್ಜಿ ಮಳೆಯಲ್ಲಿ ನಡೆದಳು. ಮಗನಿಗೆ ಆ ಕೊಡೆಯ ನೆನಪೇ ಇರಲಿಲ್ಲ. ಅದನ್ನು ಆರಿಸಿ ತಂದವಳು ಸೊಸೆ. ಅಷ್ಟು ಹೊತ್ತಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಹುಡುಗಿ ಕೊಡೆಯನ್ನು ಮಡಿಲಿಗೆ ಎತ್ತಿಕೊಂಡಿದ್ದಳು.

ಮೂರನ್ನೂ ಇನ್ನೊಮ್ಮೆ ಓದಿ. ಮೂರನೆಯದರಲ್ಲಿ ಅಜ್ಜಿಗಿಂತ ನಮಗೆ ಜಾಸ್ತಿ ಗೊತ್ತು. ಅದಕ್ಕೇ ಅವಳ ಮೇಲೆ ಮರುಕ ಬರುತ್ತದೆ. ಎರಡನೆಯದರಲ್ಲಿ ಅವಳ ಜೊತೆ ನಾವೂ ನೆನೆಯುತ್ತೇವೆ. ಮೊದಲನೆಯದರಲ್ಲಿ ಅವಳು ನಮ್ಮ ಕಣ್ಣೆದುರೇ ಒಂದು ಸುಳ್ಳು ಹೊಸೆಯುತ್ತಾಳೆ. ಮಗನಿಗೆ ಸುಳ್ಳು ಹೇಳುವವಳು ನಮಗೆ ನಿಜ ಹೇಳುತ್ತಿದ್ದಾಳೆ ಅಂತ ಏನು ಗ್ಯಾರಂಟಿ? ನಂಬಲಾಗದ ನಿರೂಪಕ ಅನ್ನುವ ಪದ ಹುಟ್ಟುವುದು ಇಲ್ಲೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದವರಿಗೆ ತಕ್ಷಣ ಹೊಳೆಯುತ್ತದೆ. ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಕಥೆ ಹೇಳುವ ಆ ‘ನಾನು’, ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದೇ ನಮ್ಮನ್ನು ಹೆದರಿಸುತ್ತದೆ.

ಮಳೆಬಿಲ್ಲು ಅವರೇ, ನಿಮ್ಮ ಪರೀಕ್ಷೆಯಲ್ಲಿ ‘ಗುಣಸ್ವಭಾವ ತಿಳಿಸಿ’ ಅನ್ನುವ ಬದಲು ‘ಈ ಕಥೆಯನ್ನು ಇನ್ನೊಬ್ಬರು ಹೇಳಿದ್ದರೆ ಏನಾಗುತ್ತಿತ್ತು’ ಅಂತ ಕೇಳಿದ್ದರೆ?

ಮಳೆಬಿಲ್ಲು

ಹಾಗೆ ಕೇಳಿದ್ದರೆ ನಾನು ಉತ್ತರ ಪತ್ರಿಕೆಗೆ ಎಕ್ಸ್‌ಟ್ರಾ ಶೀಟ್ ಕಟ್ಟುತ್ತಿದ್ದೆ. ಕೊಡೆಯ ಮೂರನೇ ತುಂಡು ತುಂಬ ಇಷ್ಟವಾಯಿತು. ಸೊಸೆ ತಂದದ್ದು ಅನ್ನುವ ಒಂದು ಮಾತಿನಲ್ಲಿ ಇಡೀ ಮನೆ ಕಂಡಿತು.

ಬೀಸುಕಲ್ಲು

ನಾನು ಜಾನಪದ ಓದಿದವಳು. ಸಂಜೆಮಲ್ಲಿಗೆ ಅವರಿಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಕನ್ನಡದಲ್ಲಿ ಕೆಲವು ಪದಗಳು ಎರಡೆರಡು ಕೆಲಸ ಮಾಡುತ್ತಿವೆ.

ನಿಮ್ಮ ಗುಂಪಿನಲ್ಲಿ ‘ಆಶಯ’ ಅಂದರೆ ಕಥೆಯ ಒಳಗಿನ ವಿಚಾರ, ಕಥೆ ಏನನ್ನು ಕುರಿತು ಯೋಚಿಸುತ್ತಿದೆ ಅನ್ನುವುದು. ನಮ್ಮ ಜಾನಪದ ತರಗತಿಯಲ್ಲಿ ‘ಆಶಯ’ ಅಂದರೆ ಬೇರೆ. ಕಥೆಯಿಂದ ಕಥೆಗೆ ಹಾರುವ ಒಂದು ಸಣ್ಣ ಬೀಜ. ಮಾತಾಡುವ ಪ್ರಾಣಿ ಒಂದು ಆಶಯ. ಮಲತಾಯಿಯ ಕಾಟ ಒಂದು ಆಶಯ. ಏಳು ಸಮುದ್ರದ ಆಚೆ ಗಿಣಿಯೊಳಗೆ ರಾಕ್ಷಸನ ಜೀವ ಇರುವುದು ಒಂದು ಆಶಯ. ಮಾತು ಕೊಟ್ಟು ಹೋಗಿ ವಾಪಸ್ ಬರುವ ಪ್ರಾಣಿಯೂ ಅಂಥದ್ದೇ. ‘ವಸ್ತು’ವಿನ ಗತಿಯೂ ಇದೇ. ಕೆಲವರು ವಿಷಯಕ್ಕೆ ಬಳಸುತ್ತಾರೆ, ಕೆಲವರು ಹಂದರಕ್ಕೆ. ಯಾರಾದರೂ ಈ ಪದ ಹೇಳಿದರೆ ‘ಯಾವ ಅರ್ಥದಲ್ಲಿ ಹೇಳಿದಿರಿ’ ಅಂತ ಕೇಳಿ. ಅವರಿಗೂ ಒಳ್ಳೆಯದು.

‘ವ್ಯಂಗ್ಯ’ ಇನ್ನೂ ಕಷ್ಟದ್ದು. ದಿನದ ಮಾತಿನಲ್ಲಿ ವ್ಯಂಗ್ಯ ಅಂದರೆ ಚುಚ್ಚು ಮಾತು. ಕಾವ್ಯಮೀಮಾಂಸೆಯಲ್ಲಿ, ಅಂದರೆ ಕಾವ್ಯದ ಶಾಸ್ತ್ರದಲ್ಲಿ, ವ್ಯಂಗ್ಯ ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸಿದ ಅರ್ಥ. ಅಲ್ಲಿ ಚುಚ್ಚುವುದೇನೂ ಇರಬೇಕಿಲ್ಲ. ‘ಧ್ವನಿ’ಯೂ ಹಾಗೆ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಹೇಳಿದ ಧ್ವನಿ ಅಂದರೆ ಗಂಟೆ ಹೊಡೆದ ಮೇಲೂ ಉಳಿಯುವ ಗುಂಯ್ ಅನ್ನುವ ನಾದದಂಥ ಅರ್ಥ. ಈಗಿನ ವಿಮರ್ಶೆಯಲ್ಲಿ ‘ಈ ಕಥೆಗಾರ್ತಿಯ ಧ್ವನಿ ಹೊಸದು’ ಅಂದಾಗ ಅವರ ದನಿ, ಅವರು ಮಾತಾಡುವ ಬಗೆ ಅಂತ ಅರ್ಥ. ನಾನಂತೂ ಎರಡನೆಯದಕ್ಕೆ ‘ದನಿ’ ಅಂತಲೇ ಬರೆಯುತ್ತೇನೆ. ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನಿರೂಪಕರ ಮಾತು ಬಂತಲ್ಲ, ಒಂದು ಕಥೆ ಹೇಳದೆ ಇರಲಾರೆ. ಎ.ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ಕೊಂಡೊಯ್ದ ಕನ್ನಡದ ಜನಪದ ಕಥೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ನಿದ್ದೆ ಮಾಡುವಾಗ ಬಾಯಿಂದ ಹೊರಗೆ ಬಂದು, ಕಥೆ ಹೊಸಿಲ ಹೊರಗೆ ಒಂದು ಜೊತೆ ಜೋಡಾಗಿ ಕೂತಿತು. ಹಾಡು ಗೂಟದಲ್ಲಿ ಗಂಡಸರ ಕೋಟಾಗಿ ನೇತಾಡಿತು. ಗಂಡ ಬಂದು ನೋಡಿ ಅನುಮಾನಪಟ್ಟು, ಜಗಳ ಆಡಿ, ಹನುಮಂತನ ಗುಡಿಯಲ್ಲಿ ಮಲಗಲು ಹೋದ. ಊರಿನಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಅಲ್ಲಿಗೆ ಬಂದು ಹರಟೆ ಹೊಡೆಯುತ್ತವೆ. ಅವನ ಮನೆಯ ದೀಪ ತಡವಾಗಿ ಬಂತು. ಯಾಕೆ ತಡ ಅಂದಾಗ, ಹೀಗೆ ಹೀಗಾಯಿತು ಅಂತ ಹೇಳಿತು. ಗಂಡ ಮನೆಗೆ ಓಡಿಬಂದು ‘ನಿನ್ನ ಕಥೆ ಯಾವುದು, ಹಾಡು ಯಾವುದು’ ಅಂತ ಕೇಳಿದ. ಅವಳು ‘ಯಾವ ಕಥೆ? ಯಾವ ಹಾಡು?’ ಅಂದಳು. ಎರಡೂ ಮರೆತುಹೋಗಿದ್ದವು.

ಇಲ್ಲಿ ನಿಜ ಗೊತ್ತಿರುವುದು ದೀಪಕ್ಕೆ ಮಾತ್ರ. ಮನೆಯೊಳಗೆ ನಡೆದದ್ದನ್ನೆಲ್ಲ ಕಂಡದ್ದು ಅದೇ ತಾನೇ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು, ಅಂದರೆ ದೀಪದ ಕುಡಿಗಳು, ಸೇರಿ ಮಾತಾಡುವುದನ್ನು ಓದಿದಾಗ ನನಗೆ ಈ ದೀಪಗಳೇ ಕಣ್ಣಮುಂದೆ ಬಂದವು. ಅಲ್ಲಿ ಮಂಚವೂ ಬಾಯಿಬಿಟ್ಟು ಕಥೆ ಹೇಳುತ್ತದೆ. ಯಾರು ಕಂಡಿದ್ದಾರೋ ಅವರೇ ನಿರೂಪಕರು, ಮನುಷ್ಯರೇ ಆಗಬೇಕಿಲ್ಲ.

ಹಳೇಮೇಷ್ಟ್ರು

ಬಾವಿಯ ಪ್ರಶ್ನೆ ಹಾಗೇ ಉಳಿಯಿತು. ಪ್ರತಿಮೆ, ಪ್ರತೀಕ.

ಪ್ರತಿಮೆ ಅಂದರೆ ಕಣ್ಣಿಗೆ, ಕಿವಿಗೆ, ಮೂಗಿಗೆ ತಾಗುವಂತೆ ಕಟ್ಟಿದ ಚಿತ್ರ. ಪಾಚಿ ಕಟ್ಟಿದ ಕಲ್ಲು, ರಾಟೆಯ ಕಿರ್ ಸದ್ದು, ತಣ್ಣನೆ ವಾಸನೆ. ಬಾವಿ ಇಷ್ಟಾದರೆ ಅದು ಪ್ರತಿಮೆ. ಪ್ರತೀಕ ಅಂದರೆ ವಸ್ತು ತಾನು ತಾನಾಗಿದ್ದೂ ಇನ್ನೇನನ್ನೋ ಹೊರುವುದು. 1933ರಲ್ಲಿ ಬಂದ ಶಿವರಾಮ ಕಾರಂತರ ‘ಚೋಮನ ದುಡಿ’ ನೆನಪಿಸಿಕೊಳ್ಳಿ. ಚೋಮನಿಗೆ ಒಂದು ತುಂಡು ನೆಲದಲ್ಲಿ ಬೇಸಾಯ ಮಾಡುವ ಆಸೆ. ಹೊಲೆಯನಾಗಿ ಹುಟ್ಟಿದ್ದಕ್ಕೆ ಊರು ಅದನ್ನು ಬಿಡುವುದಿಲ್ಲ. ಅವನಿಗೆ ಇರುವುದು ದುಡಿ ಒಂದೇ. ಸಿಟ್ಟು ಬಂದರೆ ಬಾರಿಸುತ್ತಾನೆ, ದುಃಖವಾದರೆ ಬಾರಿಸುತ್ತಾನೆ. ಮೊದಲ ಸಲ ಬಂದಾಗ ಅದು ಚರ್ಮ ಕಟ್ಟಿದ ಒಂದು ವಾದ್ಯ. ಕೊನೆಗೆ ಬರುವ ಹೊತ್ತಿಗೆ ಅವನು ಹೇಳಲಾಗದ ಮಾತೆಲ್ಲ ಅದರಲ್ಲಿ ತುಂಬಿಕೊಂಡಿರುತ್ತದೆ.

ಒಂದು ಸುಲಭದ ಪರೀಕ್ಷೆ ಇದೆ. ಆ ವಸ್ತು ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದಾ? ಪ್ರತಿ ಸಲ ಬಂದಾಗ ತೂಕ ಜಾಸ್ತಿ ಆಗುತ್ತದಾ? ಆಗುತ್ತಿದ್ದರೆ ಪ್ರತೀಕ ಅನ್ನಲು ಅಡ್ಡಿಯಿಲ್ಲ. ಒಂದೇ ಬಾವಿ ಎರಡೂ ಆಗಬಹುದು. ನಿಮ್ಮ ಗುಂಪಿನ ಇಬ್ಬರೂ ಸರಿಯೇ ಇದ್ದಿರಬಹುದು. ಆದರೆ ಕಥೆಯಲ್ಲಿ ಬಂದ ಪ್ರತಿ ಕೊಡಪಾನ, ಪ್ರತಿ ಹಗ್ಗವೂ ಪ್ರತೀಕ ಅಂತ ಹಟ ಹಿಡಿಯಬಾರದು. ಬಾವಿ ನೀರು ಸೇದುವುದಕ್ಕೂ ಇರಬಹುದು.

ದೂರದೂರು

ನಾನು ಅಮೆರಿಕದಲ್ಲಿ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಇಲ್ಲಿಯ ಮಕ್ಕಳು ಗೋವಿನ ಹಾಡು ಕೇಳಿದ ಮೇಲೆ ಕೇಳುವ ಮೊದಲ ಪ್ರಶ್ನೆ, ‘ಹುಲಿ ಯಾಕೆ ಸಾಯಬೇಕಿತ್ತು? ಅದಕ್ಕೆ ಹಸಿವಾಗಿತ್ತು ಅಲ್ವಾ?’ ನಾವು ಚಿಕ್ಕವರಿದ್ದಾಗ ಹೀಗೆ ಕೇಳಿದ ನೆನಪಿಲ್ಲ. ‘ಸತ್ಯ ಗೆಲ್ಲುತ್ತದೆ’ ಅಂತ ನೀತಿ ಬರೆದುಕೊಂಡು ಮುಂದೆ ಹೋಗುತ್ತಿದ್ದೆವು.

ನನ್ನ ಪ್ರಶ್ನೆ ಇದು. ನೀತಿ ಮತ್ತು ಆಶಯ ಒಂದೇನಾ?

ಅರ್ಧಪುಟ

ನನ್ನ ಪ್ರಕಾರ ಅಲ್ಲ. ನೀತಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಶಯ ಮುಗಿಯುವುದಿಲ್ಲ. ‘ಕೊಟ್ಟ ಮಾತು’ ಅನ್ನುವುದು ಈ ಹಾಡಿನ ಆಶಯ ಅಂದುಕೊಳ್ಳಿ. ಹಸು ಮಾತು ಉಳಿಸಿಕೊಂಡಿತು, ಸರಿ. ಆ ಮಾತಿಗಾಗಿ ಕರುವನ್ನು ಬಿಟ್ಟು ಬಂದದ್ದು ಸರಿಯಾ? ಹುಲಿ ಹಸುವನ್ನು ಬಿಟ್ಟು ತಾನು ಹಸಿದೇ ಬದುಕಬಹುದಿತ್ತಲ್ಲ? ನಿಮ್ಮ ಶನಿವಾರದ ಮಕ್ಕಳು ಕೇಳುತ್ತಿರುವುದು ಆಶಯದ ಪ್ರಶ್ನೆಗಳನ್ನೇ. ಅವರಿಗೆ ಉತ್ತರ ಕೊಡುವ ಅವಸರ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಓಲೆಗರಿ

ಒಪ್ಪಿದೆ. ಅಂದಹಾಗೆ ಪರಾಕಾಷ್ಠೆ ಅನ್ನುವ ಪದ ಯಾರೂ ಎತ್ತಲಿಲ್ಲ. ಕಥೆ ಏರಿ ಏರಿ ತುದಿ ಮುಟ್ಟುವ ಜಾಗ. ಈ ಹಾಡಿನಲ್ಲಿ ಹುಲಿ ಸಾಯುವುದೇ ತುದಿ ಅನ್ನುವವರು ಜಾಸ್ತಿ. ನನಗೆ ಅದಕ್ಕಿಂತ ಸ್ವಲ್ಪ ಮೊದಲು, ಹಸು ಗವಿಯ ಮುಂದೆ ಬಂದು ನಿಂತು ಹುಲಿಯನ್ನು ಕರೆಯುವುದೇ ತುದಿ. ಅಲ್ಲಿಂದ ಆಚೆ ಬೇರೆ ಏನೂ ಆಗಲು ಸಾಧ್ಯವಿಲ್ಲ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೆಯಿರಿ.

ಸಂಜೆಮಲ್ಲಿಗೆ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ನಿನ್ನೆ ಭಾನುವಾರ ಗುಂಪಿನಲ್ಲಿ ಮೊದಲ ಸಲ ಬಾಯಿಬಿಟ್ಟೆ. ಕಥೆ ಮುಗಿದ ಮೇಲೆ ‘ಇದನ್ನು ಅತ್ತೆ ಹೇಳಿದ್ದರೆ ಹೇಗಿರುತ್ತಿತ್ತು’ ಅಂತ ಕೇಳಿದೆ ಅಷ್ಟೇ. ಅಲ್ಲಿಯವರೆಗೆ ಎಲ್ಲರೂ ಅತ್ತೆಯನ್ನು ಬೈಯುತ್ತಿದ್ದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾತು ಕತ್ತಲಾಗುವವರೆಗೂ ನಡೆಯಿತು.

ಅರ್ಧಪುಟ ಅವರ ಕೊಡೆ ನೋಡಿ ನನಗೂ ಬರೆಯಬೇಕು ಅನ್ನಿಸಿತು. ಪುಣ್ಯಕೋಟಿ ತನ್ನ ಕರುವನ್ನು ದೊಡ್ಡಿಯ ಬೇರೆ ಹಸುಗಳಿಗೆ ಒಪ್ಪಿಸಿ ಹೋಗುತ್ತದಲ್ಲ, ಅವುಗಳಲ್ಲಿ ಒಂದು ಹಸು ಕಥೆ ಹೇಳಿದರೆ ಅಂತ ಯೋಚಿಸಿದೆ. ಇಷ್ಟು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

ಅವಳು ಓಡಿ ಬಂದಾಗ ನಾನು ಮೆಲುಕು ಹಾಕುತ್ತಿದ್ದೆ. ಅವಳ ಕಾಲಿಗೆ ಮುಳ್ಳು ತರಚಿತ್ತು. ಕರು ಹಾಲು ಕುಡಿಯುವಷ್ಟು ಹೊತ್ತೂ ಅವಳು ಕಾಡಿನ ಕಡೆಗೇ ನೋಡುತ್ತಿದ್ದಳು. ಆಮೇಲೆ ನಮ್ಮ ಹತ್ತಿರ ಬಂದು, ಇದನ್ನು ನಿಮ್ಮದೇ ಅಂದುಕೊಳ್ಳಿ ಅಂದಳು. ಎಲ್ಲರೂ ಆಗಲಿ ಅಂದೆವು. ನಾನೂ ಅಂದೆ. ನನಗೂ ಒಂದು ಕರು ಇತ್ತು. ನನ್ನ ಹಾಲು ಅದಕ್ಕೇ ಸಾಲುತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಅವಳು ಹೋದ ಮೇಲೆ ಅವಳ ಕರು ನನ್ನ ಹೊಟ್ಟೆಗೆ ಒರಗಿ ಮಲಗಿತು. ನನ್ನ ಕರು ಇನ್ನೊಂದು ಬದಿಗೆ. ನಾನು ಅಲುಗಾಡಲಿಲ್ಲ. ಎಷ್ಟು ಹೊತ್ತಾಯಿತೋ, ದೊಡ್ಡಿಯ ಬಾಗಿಲಲ್ಲಿ ಅವಳ ಕೊರಳ ಗಂಟೆ ಕೇಳಿಸಿತು. ಕರು ಎದ್ದು ಓಡಿತು. ಅದು ಮಲಗಿದ್ದ ಜಾಗ ನನ್ನ ಮೈಮೇಲೆ ಇನ್ನೂ ಬೆಚ್ಚಗಿತ್ತು.